38 ಸಾವಿರದೊಳಗೆ ಗ್ರಾಫಿಕ್ಸ್ ಕಾರ್ಡ್: ಹಳೇ ಬಿ450 ಬೋರ್ಡ್‌ಗೆ ಯಾವುದು ಸರಿ?

ವಿಜಯನಗರ_ಪಿಸಿ:
ಎಲ್ಲರಿಗೂ ನಮಸ್ಕಾರ. ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಲೇಬೇಕಾಗಿದೆ, ಸಲಹೆ ಬೇಕು. ಈಗಿರೋ ಸಿಸ್ಟಂ: ರೈಝೆನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ್‍ಯಾಮ್, 550 ವ್ಯಾಟ್ ಬ್ರಾಂಝ್ ಪವರ್ ಸಪ್ಲೈ, ಜಿಟಿಎಕ್ಸ್ 1060 6 ಜಿಬಿ. ಕೌಂಟರ್-ಸ್ಟ್ರೈಕ್ 2, ವ್ಯಾಲೊರಂಟ್ ಹೆಂಗೋ ನಡೀತವೆ. ಆದ್ರೆ ಡೂಮ್ ಡಾರ್ಕ್ ಏಜಸ್ ಶುರು ಕೂಡ ಆಗಲ್ಲ, ಅದಕ್ಕೆ ರೇ ಟ್ರೇಸಿಂಗ್ (ಬೆಳಕಿನ ದಾರಿ ಲೆಕ್ಕ ಹಾಕೋ ತಂತ್ರ) ಇರೋ ಕಾರ್ಡೇ ಬೇಕು. ಮೇಲಾಗಿ ಈ 1060 ಸೇರಿರೋ 10ರ ಸರಣಿಗೆ ಹೊಸ ಗೇಮ್ ಡ್ರೈವರ್ ಕೊಡೋದನ್ನ ಎನ್ವಿಡಿಯಾ 2025ರ ಅಕ್ಟೋಬರ್‌ಗೆ ಮುಗಿಸಿಬಿಡ್ತು.

ಮಾನಿಟರ್ ಈಗ 1080ಪಿ. ದೀಪಾವಳಿಗೆ 1440ಪಿ ತಗೊಳ್ಳೋ ಆಸೆ ಇದೆ. ಕೈಯಲ್ಲಿರೋದು 38 ಸಾವಿರ, ಅದಕ್ಕಿಂತ ಮೇಲೆ ಹೋಗೋಕೆ ಆಗಲ್ಲ. ಒಂದು ಅಂಗಡೀಲಿ ಎನ್ವಿಡಿಯಾ 5060 ಟಿಐ 8 ಜಿಬಿ ತಗೊಳ್ಳಿ ಅಂದ್ರು. ಗೆಳೆಯ ಎಎಮ್‌ಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಅಂತಾನೆ. ಆಫೀಸಲ್ಲಿ ಒಬ್ರು ಇಂಟೆಲ್ ಆರ್ಕ್ ಬಿ580 ಸಾಕು ಅಂತಾರೆ. ಮೂರೂ ಕಡೆ ಕೇಳಿ ತಲೆ ಕೆಟ್ಟಿದೆ. ಈ ಕಾರ್ಡ್ ಕನಿಷ್ಠ ನಾಲ್ಕು ವರ್ಷ ಬರಬೇಕು.

ಹೆಡ್‌ಶಾಟ್_ಹನುಮಂತನಗರ:
ವ್ಯಾಲೊರಂಟ್, ಸಿಎಸ್2 ಮುಖ್ಯ ಅಂದ್ರೆ ಕಾರ್ಡ್‌ಗೆ ಅಷ್ಟೊಂದು ಸುರೀಬೇಡ ಗುರು. ಈ ಎರಡು ಆಟದಲ್ಲಿ ಫ್ರೇಮ್ ಕಟ್ಟಿಹಾಕ್ತಿರೋದು ನಿನ್ನ 3600. ಒಂದು ಸಣ್ಣ ಪರೀಕ್ಷೆ ಮಾಡು: ಆಟದ ರೆಸಲ್ಯೂಶನ್ ಪೂರ್ತಿ ಇಳಿಸು. ಎಫ್‌ಪಿಎಸ್ (ಸೆಕೆಂಡಿಗೆ ಬರೋ ಫ್ರೇಮ್) ಏರಲಿಲ್ಲ ಅಂದ್ರೆ ಕಾರ್ಡ್ ಖಾಲಿ ಕೂತಿದೆ, ಪ್ರೊಸೆಸರ್ ಏದುಸಿರು ಬಿಡ್ತಿದೆ ಅಂತ ಅರ್ಥ. ನಾನಾಗಿದ್ರೆ ಮೊದಲು ರೈಝೆನ್ 5 5600 ಹಾಕ್ತಿದ್ದೆ. ಬಿ450ಗೆ ಬಯೋಸ್ (ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದ್ರೆ ಅದು ಕೂರುತ್ತೆ. ಕಾರ್ಡ್ 8 ಜಿಬಿದೇ ಸಾಕು. ಸ್ಪರ್ಧೆಗೆ ಆಡೋರು ಎಲ್ಲಾ ಸೆಟ್ಟಿಂಗ್ ಲೋ ಇಟ್ಕೊಂಡೇ ಆಡೋದು.

ಪಿಕ್ಸೆಲ್_ಲೆಕ್ಕ:
ಹನುಮಂತನಗರದವರು ಹೇಳಿದ ಪರೀಕ್ಷೆ ಸರಿಯಾದದ್ದು, ದುಡ್ಡು ಕೊಡುವ ಮೊದಲು ಅದನ್ನು ಮಾಡಿ. ಆದರೆ 8 ಜಿಬಿ ಸಾಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೇಳಿದವರು ಡೂಮ್ ಹೆಸರು ಹೇಳಿದ್ದಾರೆ, 1440ಪಿ ಎಂದಿದ್ದಾರೆ, ನಾಲ್ಕು ವರ್ಷ ಎಂದಿದ್ದಾರೆ. ಈ ಮೂರನ್ನು ಒಟ್ಟಿಗೆ ಇಟ್ಟು ನೋಡಬೇಕು.

ಮೊದಲು ಮಾನಿಟರ್. 1080ಪಿ ಎಂದರೆ ಸುಮಾರು 20.7 ಲಕ್ಷ ಪಿಕ್ಸೆಲ್. 1440ಪಿ ಎಂದರೆ 36.9 ಲಕ್ಷ. ಪ್ರತಿ ಫ್ರೇಮ್‌ಗೂ ಮುಕ್ಕಾಲು ಪಾಲಿಗಿಂತ ಹೆಚ್ಚು ಹೆಚ್ಚುವರಿ ಕೆಲಸ, ಮತ್ತು ಆ ಕೆಲಸ ಬೀಳುವುದು ಕಾರ್ಡಿನ ಮೇಲೆ, ಪ್ರೊಸೆಸರ್ ಮೇಲಲ್ಲ. ಹಾಗಾಗಿ 3600 ಇಟ್ಟುಕೊಂಡೇ 1440ಪಿಗೆ ಹೋಗುವವರಿಗೆ ದೊಡ್ಡ ಕಾರ್ಡು ದಂಡವಲ್ಲ.

ಇನ್ನು ಮೆಮೊರಿ. ಆಟದ ಟೆಕ್ಸ್‌ಚರ್‌ಗಳೆಲ್ಲ (ವಸ್ತುಗಳ ಮೇಲ್ಮೈ ಚಿತ್ರಗಳು) ಕಾರ್ಡಿನ ಮೆಮೊರಿಯಲ್ಲೇ ಹಿಡಿಸಿದರೆ ಎಲ್ಲ ಚೆಂದ. 5060 ಟಿಐ ತನ್ನ ಮೆಮೊರಿಯನ್ನು ಸೆಕೆಂಡಿಗೆ 448 ಜಿಬಿ ವೇಗದಲ್ಲಿ ಓದುತ್ತದೆ. ಜಾಗ ಸಾಲದೆ ಹೋದಾಗ ಮಿಕ್ಕಿದ್ದನ್ನು ಮದರ್‌ಬೋರ್ಡಿನ ರ್‍ಯಾಮ್‌ನಿಂದ ತರಬೇಕು, ಪಿಸಿಐಇ ದಾರಿಯಲ್ಲಿ, ಅಂದರೆ ಕಾರ್ಡು ಕೂರುವ ಸ್ಲಾಟಿನ ದಾರಿಯಲ್ಲಿ. ನಿಮ್ಮ ಬಿ450ಯಲ್ಲಿರುವುದು ಪಿಸಿಐಇ 3.0. 5060 ಟಿಐ ಬಳಸುವುದು ಆ ದಾರಿಯ 8 ಲೇನ್ (ಸಾಲು) ಮಾತ್ರ. 3.0ದ 8 ಲೇನ್ ಎಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 8 ಜಿಬಿ. 448 ಎಲ್ಲಿ, 8 ಎಲ್ಲಿ! ಒಗ್ಗರಣೆಗೆ ಎಣ್ಣೆ ಕಾದಮೇಲೆ ಸಾಸಿವೆ ತರಲು ಅಂಗಡಿಗೆ ಓಡಿದ ಹಾಗೆ. ಸರಾಸರಿ ಎಫ್‌ಪಿಎಸ್ ಚೆನ್ನಾಗಿಯೇ ಕಾಣುತ್ತದೆ, ಆದರೆ ಕ್ಯಾಮೆರಾ ತಿರುಗಿಸಿದಾಗಲೆಲ್ಲ ಆಟ ತಡವರಿಸುತ್ತದೆ. ಕೆಲವು ಆಟಗಳು ತಡವರಿಸುವುದಿಲ್ಲ, ಬದಲಿಗೆ ಗೋಡೆ, ಮುಖ, ಬಟ್ಟೆಯ ಟೆಕ್ಸ್‌ಚರ್‌ಗಳನ್ನು ಸದ್ದಿಲ್ಲದೆ ಮಸುಕು ಮಾಡಿಬಿಡುತ್ತವೆ. ಬೆಂಚ್‌ಮಾರ್ಕ್ ಪಟ್ಟಿಯ ಒಂದು ಸಂಖ್ಯೆಯಲ್ಲಿ ಇದು ಸಿಕ್ಕುವುದೇ ಇಲ್ಲ.

ಹೊಸ ಪಿಸಿಐಇ 5.0 ಬೋರ್ಡಿನಲ್ಲಿ ಇದೇ 8 ಜಿಬಿ ಕಾರ್ಡಿಗೆ ಪೆಟ್ಟು ಕಡಿಮೆ, ಏಕೆಂದರೆ ಅಲ್ಲಿ 8 ಲೇನ್ ಕೂಡ ನಾಲ್ಕು ಪಟ್ಟು ಅಗಲ. ಹಳೇ ಬೋರ್ಡಿನವರಿಗೇ ಈ ಕಾರ್ಡು ಹೆಚ್ಚು ಹೊಡೆತ ಕೊಡುತ್ತದೆ, ಮತ್ತು ಹಳೇ ಸಿಸ್ಟಂನವರಿಗೇ ಇದನ್ನು ಜಾಸ್ತಿ ಮಾರುತ್ತಾರೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ.

ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿಯಲ್ಲಿ ಎರಡು ಅನುಕೂಲ. ಮೆಮೊರಿ ತುಂಬುವುದೇ ಅಪರೂಪ, ತುಂಬಿದರೂ ಅದಕ್ಕೆ ಪೂರ್ತಿ 16 ಲೇನ್ ಇದೆ. ಅದರ ಸ್ವಂತ ಮೆಮೊರಿ ವೇಗ 320 ಜಿಬಿ ಆಸುಪಾಸು, 5060 ಟಿಐಗಿಂತ ಕಡಿಮೆಯೇ. ಆದರೂ ನಿಮ್ಮ ಬೋರ್ಡಿಗೆ ನನ್ನ ಓಟು ಅದಕ್ಕೇ.

ವಿಜಯನಗರ_ಪಿಸಿ:
ಬಹಳ ಥ್ಯಾಂಕ್ಸ್. ಲೇನ್ ವಿಷಯ ಯಾವ ಅಂಗಡಿಯವರೂ ಹೇಳಿರಲಿಲ್ಲ. ಬಿ580 ಹೆಂಗೆ? 12 ಜಿಬಿ ಇದೆ, ರೇಟೂ ಕಮ್ಮಿ.

ಪಿಕ್ಸೆಲ್_ಲೆಕ್ಕ:
ಬಿ580 ಒಳ್ಳೆಯ ಕಾರ್ಡು, ಆದರೆ ನಿಮ್ಮ ಪ್ರೊಸೆಸರ್ ಜೊತೆಗಲ್ಲ. 2024ರ ಡಿಸೆಂಬರ್‌ನಲ್ಲಿ 249 ಡಾಲರ್‌ಗೆ ಬಂದಾಗ ಎಲ್ಲರೂ ಹೊಗಳಿದರು. ಹೊಗಳಿದವರಲ್ಲಿ ಹೆಚ್ಚಿನವರು ಅದನ್ನು ದುಬಾರಿ ಪ್ರೊಸೆಸರ್ ಮೇಲೆ ಅಳೆದಿದ್ದರು. ಆಮೇಲೆ 2600, 3600ರಂಥ ಹಳೇ ರೈಝೆನ್ ಮೇಲೆ ಅಳೆದಾಗ ಹಲವು ಆಟಗಳಲ್ಲಿ ವೇಗ ಚೆನ್ನಾಗಿಯೇ ಕುಸಿಯಿತು. ಇಂಟೆಲ್ ಡ್ರೈವರ್ ಪ್ರೊಸೆಸರ್ ಕೈಯಲ್ಲಿ ಹೆಚ್ಚು ಕೆಲಸ ಮಾಡಿಸುತ್ತದೆ. ಜೊತೆಗೆ ಬಯೋಸ್‌ನಲ್ಲಿ ರೀಸೈಝಬಲ್ ಬಾರ್ (ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್‌ಗೆ ತೆರೆದಿಡುವ ಸೆಟ್ಟಿಂಗ್) ಆನ್ ಇರಲೇಬೇಕು. ಹೊಸದಾಗಿ ಪೂರ್ತಿ ಸಿಸ್ಟಂ ಕಟ್ಟುವವರು ಕೇಳಿದ್ದರೆ ಧಾರಾಳವಾಗಿ ನೋಡಿ ಎನ್ನುತ್ತಿದ್ದೆ.

ಎಸ್‌ಪಿ_ರೋಡ್_ಕೌಂಟರ್:
ನಾನು ಸಾದರ ಪತ್ರಪ್ಪ ರಸ್ತೆಯ ಒಂದು ಅಂಗಡೀಲಿ ಕೆಲಸ ಮಾಡೋನು. ಅಂಗಡಿ ಹೆಸರು ಬೇಡ, ವ್ಯಾಪಾರಕ್ಕೆ ಬಂದಿಲ್ಲ ಇಲ್ಲಿ. ಕೌಂಟರ್‌ನ ಈ ಕಡೆಯಿಂದ ಗೊತ್ತಿರೋದು ಹೇಳ್ತೀನಿ.

ಒಂದೇ ಹೆಸರಲ್ಲಿ ಎರಡು ಕಾರ್ಡ್ ಇರ್ತವೆ, ಇದನ್ನ ಮರೀಬೇಡಿ. 5060 ಟಿಐ ಅಂದ್ರೆ 8 ಜಿಬಿನೂ ಇದೆ, 16 ಜಿಬಿನೂ ಇದೆ. 9060 ಎಕ್ಸ್‌ಟಿನೂ ಹಂಗೇ. ‘9060 ಎಕ್ಸ್‌ಟಿ ಎಷ್ಟು’ ಅಂತ ಫೋನಲ್ಲಿ ಕೇಳಿದ್ರೆ ಕಮ್ಮಿ ರೇಟಿಂದೇ ಹೇಳ್ತಾರೆ. ನೀವು ಬಾಯಿ ಬಿಟ್ಟು ‘16 ಜಿಬಿ’ ಅಂತ ಸೇರಿಸಿ ಕೇಳಿ. ಬಾಕ್ಸ್ ಮೇಲೆ ಓದಿ, ಬಿಲ್‌ನಲ್ಲೂ ಬರೆಸ್ಕೊಳ್ಳಿ.

ಅಮೆರಿಕದ ರೇಟ್ ನೋಡ್ಕೊಂಡು ಬಂದು ‘ಲೂಟಿ ಮಾಡ್ತೀರ’ ಅಂತ ಜಗಳ ಆಡೋರು ಬಹಳ ಜನ. ಅಲ್ಲಿನ ರೇಟಲ್ಲಿ ತೆರಿಗೆ ಸೇರಿರಲ್ಲ. 9060 ಎಕ್ಸ್‌ಟಿ 16 ಜಿಬಿ 2025ರ ಜೂನ್‌ನಲ್ಲಿ ಬಂದಾಗ ಅಲ್ಲಿ 349 ಡಾಲರ್. ಡಾಲರ್‌ಗೆ 88 ರೂಪಾಯಿ ಅಂತ ಹಿಡೀರಿ, 30,700 ಆಯ್ತು. ಅದರ ಮೇಲೆ 18% ಜಿಎಸ್‌ಟಿ ಹಾಕಿದ್ರೆ 36,200. ತರಿಸೋರ ಖರ್ಚು, ಡಿಸ್ಟ್ರಿಬ್ಯೂಟರ್ ಪಾಲು, ನಮ್ಮ ಪಾಲು ಇನ್ನೂ ಸೇರಿಲ್ಲ. ಈ ಲೆಕ್ಕ ಮನೇಲೇ ಹಾಕ್ಕೊಂಡು ಬಂದ್ರೆ ಯಾವ ರೇಟ್ ನ್ಯಾಯ, ಯಾವುದು ಅನ್ಯಾಯ ಅಂತ ನಿಮಗೇ ಗೊತ್ತಾಗುತ್ತೆ. ಲೆಕ್ಕಕ್ಕಿಂತ ತೀರಾ ಕೆಳಗೆ ಯಾರಾದ್ರೂ ಹೇಳಿದ್ರೆ ಅದು 8 ಜಿಬಿ ಆಗಿರುತ್ತೆ, ಇಲ್ಲಾ ಬಿಲ್ ಇರಲ್ಲ. ಇನ್ನೊಂದು ವಿಷಯ, 2025ರ ಕೊನೇಲಿ ಮೆಮೊರಿ ಚಿಪ್ ರೇಟ್ ಜಿಗಿದುಬಿಡ್ತು, ಎಐ ಡೇಟಾ ಸೆಂಟರ್‌ಗಳು ಅಷ್ಟು ಕೊಳ್ತಿವೆ. 16 ಜಿಬಿ ಕಾರ್ಡ್ ಇನ್ನೂ ಇಳಿಯುತ್ತೆ ಅಂತ ಕಾಯ್ತಾ ಕೂರೋದರಲ್ಲಿ ನನಗೆ ನಂಬಿಕೆ ಇಲ್ಲ.

ಬಿಲ್ ಇಲ್ಲದ ಮಾಲು ಖಂಡಿತ ಬೇಡ. ಸಾವಿರ, ಎರಡು ಸಾವಿರ ಉಳಿಯುತ್ತೆ, ವಾರಂಟಿ ಹೋಗುತ್ತೆ. ಯಾವ ಕಂಪನಿ ಕಾರ್ಡ್ ಆದ್ರೂ ಮೊದಲು ಒಂದೇ ಪ್ರಶ್ನೆ ಕೇಳಿ: ಕೆಟ್ಟರೆ ಬೆಂಗಳೂರಲ್ಲೇ ತಗೊಂಡು ಹೋಗಿ ಕೊಡೋಕೆ ಸರ್ವಿಸ್ ಸೆಂಟರ್ ಇದೆಯಾ, ಇಲ್ಲಾ ಕೊರಿಯರ್ ಮಾಡಬೇಕಾ? ನನ್ನ ಪ್ರಕಾರ ಮೂರು ಫ್ಯಾನಾ ಎರಡು ಫ್ಯಾನಾ ಅನ್ನೋದಕ್ಕಿಂತ ಇದು ದೊಡ್ಡ ವಿಷಯ.

ಬರೋರು ಚಿಕ್ಕಪೇಟೆ ಮೆಟ್ರೋದಲ್ಲಿ ಇಳೀರಿ, ನಡೆಯೋ ದೂರ. ಗಾಡಿ ತಂದ್ರೆ ನಿಲ್ಲಿಸೋಕೆ ಜಾಗ ಸಿಗಲ್ಲ. ಭಾನುವಾರ ಬಹುತೇಕ ಬಾಗಿಲು ಹಾಕಿರುತ್ತೆ.

ಧಾರವಾಡದಾಂವ:
ನೀವೆಲ್ಲಾ ಬರೇ ಗೇಮ್ ಲೆಕ್ಕ ಹಾಕಾಕತ್ತೀರಿ. ಈ ಹುಡುಗ ಮುಂದ ವಿಡಿಯೋ ಎಡಿಟಿಂಗ್, ತ್ರೀಡಿ, ಮಷೀನ್ ಲರ್ನಿಂಗ್ ಏನರ ಮಾಡಾಂವ ಅದಾನೋ ಇಲ್ಲೋ ಯಾರೂ ಕೇಳಲೇ ಇಲ್ಲ. ನಾ ರಾಜಾಜಿನಗರದಾಗ ಕುಂತು ತ್ರೀಡಿ ಚಿತ್ರ ಮಾಡೂ ಬ್ಲೆಂಡರ್‌ದಾಗ ಕೆಲಸ ಮಾಡಾಂವ. ಅದ್ರ ಸೈಕಲ್ಸ್ ರೆಂಡರ್‌ಗೆ ಎನ್ವಿಡಿಯಾದ ಆಪ್ಟಿಕ್ಸ್ ಭಾಳ ಮುಂದ ಐತಿ ರೀ. ಎಐ ಕಲಿಯಾಂವಗ ಎನ್ವಿಡಿಯಾದ ಕುಡಾ (CUDA) ಅನ್ನೂ ಸಾಫ್ಟ್‌ವೇರ್ ಇದ್ರ ಯಾವ ಪಾಠದ ಕೋಡ್ ತಂದು ಹಾಕಿದ್ರೂ ಓಡತೈತಿ. ಎಎಮ್‌ಡಿ ರೇಡಿಯಾನ್‌ದಾಗ ಅದ್ರ ಬದಲಿ ಆರ್‌ಒಸಿಎಂ ಅಂತ ಐತಿ, ದಿನಾ ಸುಧಾರಿಸಾಕತ್ತೈತಿ, ಆದ್ರ ಹೊಸಬಾಗ ತೊಡಕು ಜಾಸ್ತಿ. ಕೆಲಸಾನೂ ಇದ್ರ ಸ್ವಲ್ಪ ರೊಕ್ಕ ಕೂಡಿಸಿ 5060 ಟಿಐ 16 ಜಿಬಿ ತಗೋರಿ. 8 ಜಿಬಿದು ನಾನೂ ಬ್ಯಾಡ ಅಂತೀನಿ, ದೊಡ್ಡ ಸೀನ್ ಲೋಡ್ ಆಗೂದುಲ್ಲ.

ಎಎಮ್‌ಡಿ ಮ್ಯಾಲೆ ನನಗ ಸಿಟ್ಟಿಲ್ಲ ಮತ್ತ. ಅವರ ಜಗತ್ತಿನ ಅತಿ ದೊಡ್ಡ ಡಿಸೈನ್ ಸೆಂಟರ್ 2023ರ ನವೆಂಬರ್‌ದಾಗ ಇದ ಬೆಂಗಳೂರಾಗ ಶುರು ಆಗೇದ. ನಮ್ಮ ಕಡೆ ಹುಡುಗ್ರೂ ಅಲ್ಲಿ ಕೆಲಸ ಮಾಡ್ತಾರ, ಅದು ನನಗ ಹೆಮ್ಮೀನ. ಆದ್ರ ಕಾರ್ಡ್ ಆರಿಸೂ ಮುಂದ ಕೆಲಸ ನೋಡಬೇಕು.

ವಿಜಯನಗರ_ಪಿಸಿ:
ಇಲ್ಲ ಸಾರ್, ನಾನು ಅಕೌಂಟ್ಸ್ ಕೆಲಸದಲ್ಲಿರೋನು. ಪಿಸಿ ಬರೀ ಆಟಕ್ಕೆ, ಸಿನಿಮಾಕ್ಕೆ. 5060 ಟಿಐ 16 ಜಿಬಿ ನನ್ನ ಬಜೆಟ್ ದಾಟುತ್ತೆ.

ಹೆಡ್‌ಶಾಟ್_ಹನುಮಂತನಗರ:
ಹಾಗಾದ್ರೆ ಸೆಕೆಂಡ್ ಹ್ಯಾಂಡ್ ನೋಡಬಹುದಲ್ಲ? 3060 12 ಜಿಬಿ, 6700 ಎಕ್ಸ್‌ಟಿ 12 ಜಿಬಿ ಅರ್ಧ ದುಡ್ಡಲ್ಲಿ ಸಿಗ್ತವೆ. ಉಳಿದ ದುಡ್ಡಲ್ಲಿ 5600 ಪ್ರೊಸೆಸರ್ ಬರುತ್ತೆ.

ಬಸವನಗುಡಿ_ಬೆಸುಗೆ:
ಕಾರ್ಡ್ ರಿಪೇರಿ ನನ್ನ ಕಸುಬು, ಸೆಕೆಂಡ್ ಹ್ಯಾಂಡ್ ಬಗ್ಗೆ ನಾನು ಹೇಳ್ತೀನಿ. ಹಳೇ ಕಾರ್ಡ್ ಅಂದ್ರೆ ಕ್ರಿಪ್ಟೋ ಮೈನಿಂಗ್ ಮಾಡಿದ್ದು, ಮುಟ್ಟಬೇಡಿ ಅನ್ನೋದು ಅರ್ಧ ಸತ್ಯ. ಇಥೀರಿಯಂ ಗ್ರಾಫಿಕ್ಸ್ ಕಾರ್ಡ್ ಮೈನಿಂಗ್ ಬಿಟ್ಟಿದ್ದು 2022ರ ಸೆಪ್ಟೆಂಬರ್ 15ಕ್ಕೆ. ಆಗ ರಾಶಿ ರಾಶಿ ಕಾರ್ಡ್ ಮಾರ್ಕೆಟ್‌ಗೆ ಬಂದವು. ಅಲ್ಲಿಂದ ಇಲ್ಲಿವರೆಗೆ ಸುಮ್ಮನೆ ಆಟಕ್ಕೆ ಓಡಿ ಉಳಿದಿದ್ರೆ ಚಿಪ್ ಗಟ್ಟಿ ಅಂತಲೇ ಲೆಕ್ಕ. ಸೋತಿರೋದು ಸಾಮಾನ್ಯವಾಗಿ ಫ್ಯಾನ್ ಬೇರಿಂಗ್, ಒಣಗಿದ ಪೇಸ್ಟ್, ಪುಡಿಯಾದ ಥರ್ಮಲ್ ಪ್ಯಾಡ್. ಅವನ್ನೆಲ್ಲ ಬದಲಾಯಿಸಬಹುದು. ಮೆಮೊರಿ ಚಿಪ್ ಹೋಗಿದ್ರೆ ಮಾತ್ರ ಕಷ್ಟ.

ಕೊಳ್ಳೋದಾದ್ರೆ ಮಾರೋರ ಮನೆಗೇ ಹೋಗಿ, ಅವರ ಸಿಸ್ಟಂನಲ್ಲಿ ಕಾರ್ಡ್ ಓಡ್ತಿರೋದು ಕಣ್ಣಾರೆ ನೋಡಿ. ಮೆಟ್ರೋ ಸ್ಟೇಷನ್ ಕೆಳಗೆ ಬಾಕ್ಸ್ ಕೈಗೆ ಕೊಟ್ಟು ಹೋಗೋ ವ್ಯವಹಾರ ಬೇಡ. ಕಾರ್ಡ್ ವಿವರ ತೋರಿಸೋ ಜಿಪಿಯು-ಝಡ್ ತೆರೆಸಿ. ಹಳೇ ಚಿಪ್‌ಗೆ ಹೊಸ ಹೆಸರಿನ ಬಯೋಸ್ ಬರೆದಿರೋ ನಕಲಿ ಕಾರ್ಡ್ ಆದ್ರೆ ಅದು ಬಹಳಷ್ಟು ಸಲ ಹಿಡಿದು ತೋರಿಸುತ್ತೆ. ಕಾರ್ಡ್ ಮೇಲೆ ಪೂರ್ತಿ ಭಾರ ಹಾಕೋ ಫರ್‌ಮಾರ್ಕ್ ಹಾಕಿ ಹದಿನೈದು ನಿಮಿಷ ಬಿಡಿ. ಪರದೆ ಮೇಲೆ ಚುಕ್ಕಿ, ಚೌಕ, ಬಣ್ಣದ ಗೆರೆ ಬಂದ್ರೆ ಎದ್ದು ಬನ್ನಿ. ಸ್ಕ್ರೂ ಮೇಲಿನ ಸ್ಟಿಕ್ಕರ್ ನೋಡಿ, ಬಿಚ್ಚಿದಾರಾ ಇಲ್ವಾ ತಿಳಿಯುತ್ತೆ.

ಹೆಸರಿನ ಮೋಸ ಇಲ್ಲೂ ಇದೆ. ಆರ್‌ಎಕ್ಸ್ 580 2048ಎಸ್‌ಪಿ ಅಂತ ಆನ್‌ಲೈನ್‌ನಲ್ಲಿ ‘ಹೊಸದು’ ಅಂತ ಮಾರ್ತಾರಲ್ಲ, ಅದು ಒಳಗೆ 570. ನಿಜವಾದ 580ಯಲ್ಲಿ 2304 ಶೇಡರ್ (ಲೆಕ್ಕ ಮಾಡೋ ಘಟಕ) ಇರುತ್ತೆ. 3060ಯಲ್ಲೂ 12 ಜಿಬಿ ಅಲ್ಲದೆ 8 ಜಿಬಿದು ಒಂದಿದೆ, ಅದರ ಮೆಮೊರಿ ಬಸ್ 192 ಬಿಟ್ ಅಲ್ಲ, 128.

ಇಷ್ಟೆಲ್ಲ ಹೇಳಿದ್ರೂ, ನಾಲ್ಕು ವರ್ಷ ಬರಬೇಕು ಅನ್ನೋರಿಗೆ 2021ರ ಕಾರ್ಡ್ ನಾನು ಕೊಡಿಸಲ್ಲ. ಆರ್‌ಎಕ್ಸ್ 5000, 6000 ಸರಣಿಗಳ ಡ್ರೈವರ್ ಅನ್ನ ಎಎಮ್‌ಡಿ 2025ರ ಕೊನೇಲಿ ಬೇರೆ ಕವಲಿಗೆ ಹಾಕಿತು. ನಿಲ್ಲಿಸಿಲ್ಲ, ಆದರೆ ಗಮನ ಹೊಸದರ ಕಡೆಗಿದೆ. ಕೈಯಲ್ಲಿ 38 ಸಾವಿರ ಇದ್ದು, ವಾರಂಟಿ ಇರೋ ಹೊಸ 16 ಜಿಬಿ ಕಾರ್ಡ್ ಸಿಗ್ತಿರುವಾಗ ಹಳೇದರ ಹಿಂದೆ ಯಾಕೆ ಹೋಗಬೇಕು? 15 ಸಾವಿರದೊಳಗಿನ ಬಜೆಟ್ ಆಗಿದ್ರೆ ಮಾತೇ ಬೇರೆ.

ಜಯನಗರ_ಅಮ್ಮ:
ನಿಮ್ಮ ಮಾತಿನ ಮಧ್ಯೆ ಒಂದು ಪ್ರಶ್ನೆ. ನನ್ನ ಮಗನೂ ಇಂಥದ್ದೇ ಕಾರ್ಡ್ ಕೇಳ್ತಿದ್ದಾನೆ. ಕರೆಂಟ್ ಎಷ್ಟು ಎಳೆಯುತ್ತೆ? ನಮ್ಮದು ಗೃಹಜ್ಯೋತಿ ಮನೆ. ಬೇಸಿಗೆಯಲ್ಲಿ ಫ್ಯಾನ್ ಹಾಕಿದರೇನೇ 180 ಯೂನಿಟ್ ಹತ್ತಿರ ಬರುತ್ತೆ.

ಪಿಕ್ಸೆಲ್_ಲೆಕ್ಕ:
ತುಂಬಾ ಒಳ್ಳೆಯ ಪ್ರಶ್ನೆ ಅಮ್ಮ, ಇದನ್ನು ಮೊದಲೇ ಬರೆಯಬೇಕಿತ್ತು. 9060 ಎಕ್ಸ್‌ಟಿ 16 ಜಿಬಿ 160 ವ್ಯಾಟ್, 5060 145 ವ್ಯಾಟ್, 5060 ಟಿಐ 180, ಬಿ580 190. ಪ್ರೊಸೆಸರ್, ಮಾನಿಟರ್ ಎಲ್ಲ ಸೇರಿ ಆಟದ ಹೊತ್ತಲ್ಲಿ 300 ವ್ಯಾಟ್ ಎಂದು ಹಿಡಿಯಿರಿ. ದಿನಕ್ಕೆ 3 ಗಂಟೆ ಆಡಿದರೆ ತಿಂಗಳಿಗೆ 27 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಲೆಕ್ಕದಲ್ಲಿ 160 ರೂಪಾಯಿ ಆಸುಪಾಸು, ಅದು ದೊಡ್ಡದಲ್ಲ. ಆದರೆ ನಿಮ್ಮ 180ಕ್ಕೆ 27 ಸೇರಿದರೆ 200 ದಾಟುತ್ತದೆ, ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಹಾಗಾಗಿ ನಿಮ್ಮ ಮನೆಗೆ ಕಡಿಮೆ ವ್ಯಾಟಿನ ಕಾರ್ಡು ಮತ್ತು ಎಫ್‌ಪಿಎಸ್ ಮಿತಿ ಎರಡೂ ಮುಖ್ಯ. 75 ಹರ್ಟ್ಸ್ ಮಾನಿಟರ್ ಇದ್ದರೆ ಡ್ರೈವರ್‌ನಲ್ಲಿ 75ಕ್ಕೆ ಕಟ್ಟಿಹಾಕಲು ಮಗನಿಗೆ ಹೇಳಿ. 150 ಫ್ರೇಮ್ ಬಿಡಿಸಿ ಅರ್ಧ ಎಸೆಯುವುದರಿಂದ ಅವನಿಗೆ ಸಿಗುವುದು ಅಲ್ಪ, ಬಿಲ್ ಮತ್ತು ರೂಮಿನ ಸೆಕೆ ಮಾತ್ರ ಏರುತ್ತದೆ. ಕಾರ್ಡು ತಿಂದ ಕರೆಂಟೆಲ್ಲ ಕೊನೆಗೆ ಬಿಸಿಯಾಗಿ ಅದೇ ಕೋಣೆಗೆ ಬರುತ್ತದೆ. ಬೆಂಗಳೂರು ತಂಪು ಎಂದು ನಂಬಿ ಕೂರಬೇಡಿ, 2016ರ ಏಪ್ರಿಲ್‌ನಲ್ಲಿ ಇಲ್ಲೇ 39.2 ಡಿಗ್ರಿ ಮುಟ್ಟಿದೆ.

ಬಸವನಗುಡಿ_ಬೆಸುಗೆ:
ಯುಪಿಎಸ್ ಬಗ್ಗೆನೂ ಸೇರಿಸ್ತೀನಿ. ಕಂಪ್ಯೂಟರ್ ಅಂಗಡೀಲಿ ಸಿಗೋ 600 ವಿಎ ಯುಪಿಎಸ್ ಕೊಡೋದು 360 ವ್ಯಾಟ್ ಮಾತ್ರ. ಆಟದ ಮಧ್ಯೆ ಕಾರ್ಡ್ ಒಂದು ಕ್ಷಣ ಜಾಸ್ತಿ ಎಳೆದಾಗ ಅದು ಕೈ ಎತ್ತಿಬಿಡಬಹುದು. 1 ಕೆವಿಎ ಹತ್ತಿರದ್ದು ತಗೊಳ್ಳಿ. ಸಾಧ್ಯ ಇದ್ರೆ ಸೈನ್ ವೇವ್ ಇರೋದೇ ತಗೊಳ್ಳಿ, ಆಕ್ಟಿವ್ ಪಿಎಫ್‌ಸಿ ಇರೋ ಪವರ್ ಸಪ್ಲೈಗೆ ಅದು ಹೊಂದುತ್ತೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗಿ ಬರೋ ಹೊಡೆತಕ್ಕೆ ಸತ್ತ ಕಾರ್ಡ್‌ಗಳು ನನ್ನ ಟೇಬಲ್‌ಗೆ ಬರ್ತಾನೇ ಇರ್ತವೆ.

ವಿಜಯನಗರ_ಪಿಸಿ:
ರೆಸಲ್ಯೂಶನ್ ಇಳಿಸಿ ನೋಡಿದೆ. ಸಿಎಸ್2ನಲ್ಲಿ ಎಫ್‌ಪಿಎಸ್ ಬಹಳ ಏರಲಿಲ್ಲ, ಅಂದ್ರೆ ಪ್ರೊಸೆಸರ್‌ದೇ ತಡೆ. ಸೈಬರ್‌ಪಂಕ್‌ನಲ್ಲಿ ಚೆನ್ನಾಗಿ ಏರಿತು, ಅಲ್ಲಿ ಕಾರ್ಡ್‌ದೇ ತಡೆ. ಹಾಗಾಗಿ ಈಗ 9060 ಎಕ್ಸ್‌ಟಿ 16 ಜಿಬಿ, ಮುಂದೆ ಬೋನಸ್ ಬಂದಾಗ 5600 ಅಂತ ಅಂದ್ಕೊಂಡಿದ್ದೀನಿ. ಒಂದೇ ಅನುಮಾನ ಉಳಿದಿದೆ. ಎನ್ವಿಡಿಯಾ ಕಾರ್ಡ್‌ಗಳ ಡಿಎಲ್‌ಎಸ್‌ಎಸ್ ತಪ್ಪಿಹೋಗುತ್ತಲ್ಲ? 5060ಯಲ್ಲಿ ಫ್ರೇಮ್ ಜನರೇಷನ್ ನಾಲ್ಕು ಪಟ್ಟು ಅಂತ ಜಾಹೀರಾತು ಬರ್ತಿದೆ.

ಪಿಕ್ಸೆಲ್_ಲೆಕ್ಕ:
ಎರಡು ಸಂಗತಿ ಕಲಸಿಹೋಗಿವೆ, ಬಿಡಿಸಿ ನೋಡೋಣ. ಕಡಿಮೆ ರೆಸಲ್ಯೂಶನ್‌ನಲ್ಲಿ ಚಿತ್ರ ಬಿಡಿಸಿ ದೊಡ್ಡದು ಮಾಡುವುದು ಅಪ್‌ಸ್ಕೇಲಿಂಗ್. ಇದು ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಇದರಲ್ಲಿ ಡಿಎಲ್‌ಎಸ್‌ಎಸ್ ಇನ್ನೂ ಒಂದು ಹೆಜ್ಜೆ ಮುಂದಿದೆ, ಹೆಚ್ಚು ಆಟಗಳಲ್ಲೂ ಇದೆ. ಆದರೆ ಎಎಮ್‌ಡಿ 9000 ಸರಣಿಯ ಜೊತೆ ತಂದ ಇದೇ ಬಗೆಯ ಎಫ್‌ಎಸ್‌ಆರ್ 4 ಹಳೆಯ ಎಫ್‌ಎಸ್‌ಆರ್‌ನಂತೆ ಮಿನುಗುವುದಿಲ್ಲ, ಅಂತರ ಬಹಳ ಕಡಿಮೆಯಾಗಿದೆ.

ಎರಡು ನಿಜವಾದ ಫ್ರೇಮ್‌ಗಳ ನಡುವೆ ಊಹಿಸಿ ಫ್ರೇಮ್ ತುಂಬುವುದು ಫ್ರೇಮ್ ಜನರೇಷನ್. ಸಂಖ್ಯೆ ನಾಲ್ಕು ಪಟ್ಟಾಗುತ್ತದೆ, ಮೌಸ್ ಅಲುಗಿಸಿದಾಗ ಆಟ ಪ್ರತಿಕ್ರಿಯಿಸುವ ವೇಗ ಮಾತ್ರ ಏರುವುದಿಲ್ಲ. ನಿಜವಾದ ಫ್ರೇಮ್ 60ರ ಹತ್ತಿರ ಇದ್ದರೆ ಚೆನ್ನ. 25ನ್ನು 100 ಮಾಡಿದರೆ ನೋಡಲು 100, ಆಡಲು 25. ಮೇಲಾಗಿ ಅದಕ್ಕೂ ಮೆಮೊರಿ ಬೇಕು, 8 ಜಿಬಿ ತುಂಬಿದ ಕಾರ್ಡಿನಲ್ಲಿ ಅದೂ ಸರಿಯಾಗಿ ಓಡುವುದಿಲ್ಲ. ಆ ಜಾಹೀರಾತಿನ ಸಂಖ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಧಾರವಾಡದಾಂವ:
ಇದು ಖರೇ. ಬರೇ ಆಟ ಅಂದಮ್ಯಾಲೆ ನಾನೂ 9060 ಎಕ್ಸ್‌ಟಿ 16ಕ್ಕ ಹೂಂ ಅಂತೀನಿ.

ಎಸ್‌ಪಿ_ರೋಡ್_ಕೌಂಟರ್:
ಬರೋ ಮುಂಚೆ ಕ್ಯಾಬಿನೆಟ್ ಒಳಗೆ ಟೇಪ್ ಹಿಡಿದು ಉದ್ದ ಅಳೆದುಕೊಳ್ಳಿ. ಮೂರು ಫ್ಯಾನ್ ಕಾರ್ಡ್ 30 ಸೆಂಟಿಮೀಟರ್ ಹತ್ತಿರ ಬರ್ತವೆ, ಹಳೇ ಕ್ಯಾಬಿನೆಟ್‌ನಲ್ಲಿ ಹಾರ್ಡ್ ಡಿಸ್ಕ್ ಗೂಡು ಅಡ್ಡ ಬರುತ್ತೆ. ಎರಡು ಫ್ಯಾನಿಂದೇ 160 ವ್ಯಾಟ್‌ಗೆ ಸಾಕು. ಪವರ್‌ಗೆ ಒಂದು 8 ಪಿನ್ ಇದ್ರೆ ಆಯ್ತು. ಅದು 150 ವ್ಯಾಟ್, ಸ್ಲಾಟ್ 75 ವ್ಯಾಟ್, ಒಟ್ಟು 225. ನಿಮ್ಮ 550 ಆರಾಮಾಗಿ ತಾಳುತ್ತೆ.

ಬಸವನಗುಡಿ_ಬೆಸುಗೆ:
ಹಾಕುವಾಗ ಹಿಂಗೆ ಮಾಡಿ. ಹಳೇ 1060 ಇರುವಾಗಲೇ ಮದರ್‌ಬೋರ್ಡ್ ಬಯೋಸ್ ಅಪ್‌ಡೇಟ್ ಮುಗಿಸಿ, ಯುಪಿಎಸ್ ಮೇಲೆ ಇಟ್ಕೊಂಡು. ಮುಂದೆ 5600 ಹಾಕೋಕೂ ಅದೇ ಬೇಕು. ಆಮೇಲೆ ಎನ್ವಿಡಿಯಾ ಡ್ರೈವರ್ ಅನ್ನ ಡಿಡಿಯು (ಡ್ರೈವರ್ ಅಳಿಸೋ ಪ್ರೋಗ್ರಾಂ) ಬಳಸಿ ಸೇಫ್ ಮೋಡ್‌ನಲ್ಲಿ ಪೂರ್ತಿ ತೆಗೀರಿ. ಪವರ್ ತೆಗೆದು, ಹೊಸ ಕಾರ್ಡನ್ನ ಮೇಲಿನ ಉದ್ದ ಸ್ಲಾಟ್‌ಗೆ ಕ್ಲಿಕ್ ಅನ್ನೋವರೆಗೆ ಒತ್ತಿ. ಬಿ450ಯಲ್ಲಿ ಕೆಳಗಿನ ಸ್ಲಾಟ್‌ಗೆ ಪೂರ್ತಿ 16 ಲೇನ್ ಇರಲ್ಲ, ಅಲ್ಲಿ ಹಾಕಿದ್ರೆ ಇಲ್ಲಿ ಆಡಿದ ಮಾತೆಲ್ಲ ವ್ಯರ್ಥ. ಬಯೋಸ್‌ನಲ್ಲಿ ಅಬೌ 4ಜಿ ಡಿಕೋಡಿಂಗ್, ರೀಸೈಝಬಲ್ ಬಾರ್ ಎರಡೂ ಆನ್ ಮಾಡಿ, 3600 ಅದನ್ನ ಒಪ್ಪುತ್ತೆ. ರ್‍ಯಾಮ್‌ಗೆ ಎಕ್ಸ್‌ಎಂಪಿ (ಪೂರ್ತಿ ವೇಗದ ಸೆಟ್ಟಿಂಗ್) ಹಾಕಿದೆಯಾ ನೋಡಿ, ರೈಝೆನ್‌ಗೆ ಅದರಿಂದ ಬಹಳ ವ್ಯತ್ಯಾಸ. ವಿಂಡೋಸ್‌ಗೆ ಬಂದಮೇಲೆ ಜಿಪಿಯು-ಝಡ್‌ನಲ್ಲಿ ಬಸ್ ಇಂಟರ್‌ಫೇಸ್ ಸಾಲು ಓದಿ. ಆಟ ಓಡುವಾಗ ‘x16 3.0’ ಅಂತ ತೋರಿಸಿದ್ರೆ ಕಾರ್ಡ್ ಸರಿಯಾಗಿ ಕೂತಿದೆ. ‘x8’ ಅಂತ ಬಂದ್ರೆ ಪವರ್ ತೆಗೆದು ಕಾರ್ಡ್ ಬಿಚ್ಚಿ, ಚಿನ್ನದ ಅಂಚನ್ನ ಒಣ ಬಟ್ಟೇಲಿ ಒರೆಸಿ ಮತ್ತೆ ಕೂರಿಸಿ. ಬಿಲ್ ಮತ್ತು ಬಾಕ್ಸ್ ಮೇಲಿನ ಸೀರಿಯಲ್ ನಂಬರ್ ಫೋಟೋ ಅವತ್ತೇ ತೆಗೆದಿಡಿ, ಬಿಲ್‌ನ ಶಾಯಿ ವರ್ಷ ತುಂಬೋದರೊಳಗೆ ಮಾಸಿಹೋಗುತ್ತೆ.